ಸ್ಯಾಂಕ್ಷನ್ ಲೆಟರ್: ಮಾರುವವರಿಗೆ ಎಷ್ಟು ತೋರಿಸಬೇಕು?

ಬೆಂಗಳೂರಿನಲ್ಲಿ ರೀಸೇಲ್ ಫ್ಲ್ಯಾಟ್ ನೋಡಿ ರೇಟು ಹೇಳಿದ ಕೂಡಲೇ ಮಾರುವವರು ಕೇಳುವುದು, ‘ಲೋನ್ ಆಗಿದೆಯಾ? ಲೆಟರ್ ಕಳಿಸಿ.’ ಇಷ್ಟು ಸಾಲ ಕೊಡುತ್ತೇವೆ ಎಂದು ಬ್ಯಾಂಕ್ ಬರೆದುಕೊಡುವ ಸ್ಯಾಂಕ್ಷನ್ ಲೆಟರ್ ಅದು. ಕೇಳುವುದರಲ್ಲಿ ತಪ್ಪಿಲ್ಲ. ಟೋಕನ್ (ಮುಂಗಡ) ತೆಗೆದುಕೊಂಡ ಮೇಲೆ ಅವರು ಬೇರೆಯವರಿಗೆ ಮನೆ ತೋರಿಸುವಂತಿಲ್ಲ. ಆದರೆ ಬ್ಯಾಂಕ್ ಕೊಟ್ಟ ಪಿಡಿಎಫ್ ಅನ್ನು ಹಾಗೇ ವಾಟ್ಸಾಪ್ ಮಾಡಬೇಡಿ. ಬ್ರೋಕರ್ ಕೈಗಂತೂ ಬೇಡವೇ ಬೇಡ. ಆಮೇಲೆ ಅದು ಯಾರ್ಯಾರ ಫೋನಿಗೆ ಹೋಯಿತೋ ಗೊತ್ತಾಗುವುದಿಲ್ಲ.

ಆ ಪತ್ರದಲ್ಲಿ ನಿಮ್ಮ ಗರಿಷ್ಠ ಮಿತಿ ಇರುತ್ತದೆ. ನೀವು ಮನೆಯನ್ನು 80 ಲಕ್ಷಕ್ಕೆ ಕೇಳಿದ್ದೀರಿ, ಪತ್ರದಲ್ಲಿ 74 ಲಕ್ಷ ಸಾಲ ಎಂದಿದೆ ಎನ್ನಿ. 30ರಿಂದ 75 ಲಕ್ಷದವರೆಗಿನ ಸಾಲಕ್ಕೆ ಆರ್‌ಬಿಐ ಮಿತಿ ಮನೆಬೆಲೆಯ ಶೇ 80. ಲೆಕ್ಕ ಬಲ್ಲವರು 74 ನೋಡಿದೊಡನೆ ‘ಇವರು 92ರ ತನಕ ಬರಬಲ್ಲರು’ ಅಂದುಕೊಳ್ಳುತ್ತಾರೆ. ಚೌಕಾಸಿ ಅಲ್ಲಿಗೆ ಮುಗಿಯಿತು. 80 ಲಕ್ಷದ ಶೇ 80, ಅಂದರೆ 64 ಲಕ್ಷಕ್ಕೆ ಸೀಮಿತವಾದ ಪತ್ರ ಕೊಡುವಂತೆ ಬ್ಯಾಂಕನ್ನು ಕೇಳಿ. ಕೊಡದಿದ್ದರೆ ಮೊತ್ತವನ್ನು ಮುಚ್ಚಿ. ತಿದ್ದಲು ಮಾತ್ರ ಹೋಗಬೇಡಿ, ಅದು ಫೋರ್ಜರಿ. ಪ್ಯಾನ್, ಸಂಬಳ, ಖಾತೆ ಸಂಖ್ಯೆಗಳನ್ನೂ ಮುಚ್ಚಿ. ಹೆಸರು, ಬ್ಯಾಂಕ್ ಶಾಖೆ, ದಿನಾಂಕ, ವಾಯಿದೆ ಕಂಡರೆ ಸಾಕು. ವಾಯಿದೆ ಸಾಮಾನ್ಯವಾಗಿ 3ರಿಂದ 6 ತಿಂಗಳು.

ಮಾರುವವರಿಗೂ ಒಂದು ಮಾತು. ಮನೆ ಗೊತ್ತಾಗುವ ಮೊದಲೇ ಸಿಕ್ಕ ಪತ್ರ ಸಂಬಳ ಮತ್ತು ಸಿಬಿಲ್ (ಸಾಲ ತೀರಿಸಿದ ಇತಿಹಾಸದ ಅಂಕ) ನೋಡಿ ಕೊಟ್ಟದ್ದು. ನಿಮ್ಮ ಫ್ಲ್ಯಾಟನ್ನು ಬ್ಯಾಂಕ್ ಇನ್ನೂ ನೋಡಿಯೇ ಇಲ್ಲ. ಆಮೇಲೆ ಬ್ಯಾಂಕಿನ ವಕೀಲರು ಮೂಲಪತ್ರ, ಇಸಿ (ಋಣಭಾರ ಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಕೇಳುತ್ತಾರೆ; ಬಿ-ಖಾತಾ (ನಿಯಮದಂತೆ ಅನುಮೋದನೆ ಇಲ್ಲದ ಆಸ್ತಿಯ ಖಾತಾ) ಆಗಿದ್ದರೆ ಎಷ್ಟೋ ಬ್ಯಾಂಕುಗಳು ಅಲ್ಲೇ ಕೈಬಿಡುತ್ತವೆ. ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವ ವ್ಯಾಲ್ಯುಯರ್ 80ರ ಮನೆಗೆ 74 ಲಕ್ಷ ಎಂದು ಬರೆದರೆ ಸಾಲ 64ರಿಂದ 59.2 ಲಕ್ಷಕ್ಕೆ ಇಳಿಯುತ್ತದೆ. ಉಳಿದ 4.8 ಲಕ್ಷಕ್ಕೆ ಕೊಳ್ಳುವವರು ಓಡಾಡಬೇಕು, ಇಲ್ಲವೇ ವ್ಯವಹಾರ ಮುರಿಯುತ್ತದೆ. ಅದಕ್ಕೇ ಟೈಟಲ್ (ಒಡೆತನದ ಹಕ್ಕು) ಅಥವಾ ವ್ಯಾಲ್ಯುಯೇಷನ್ ಕಾರಣಕ್ಕೆ ಸಾಲ ಸಿಗದಿದ್ದರೆ ಟೋಕನ್ ಎಷ್ಟು ದಿನದಲ್ಲಿ ವಾಪಸ್ ಎಂಬುದು ಅಗ್ರಿಮೆಂಟಿನಲ್ಲಿ ಅಂಕಿಯಲ್ಲೇ ಇರಲಿ.

ಕೊಳ್ಳುವವರೂ ಸುಮ್ಮನಿರಬೇಕಿಲ್ಲ. ಫ್ಲ್ಯಾಟಿನ ಮೇಲೆ ಹಳೆ ಸಾಲವಿದ್ದರೆ, ಬಾಕಿ ಎಷ್ಟು ಮತ್ತು ಯಾವ ಮೂಲ ದಾಖಲೆಗಳು ಬ್ಯಾಂಕಿನಲ್ಲಿವೆ ಎಂಬ ಪತ್ರಗಳನ್ನು ಮೊದಲು ತರಿಸಿಕೊಳ್ಳಿ.

ಇನ್ನು ಮಾರುವವರು ಕೇಳಲು ಮರೆಯುವ ಪ್ರಶ್ನೆ: ಕೈಹಣ ಇದೆಯಾ? 80 ಲಕ್ಷದ ಮನೆಗೆ ಮಾರ್ಜಿನ್, ಅಂದರೆ ಸಾಲ ಬಿಟ್ಟು ಕೈಯಿಂದ ಹಾಕಬೇಕಾದ್ದು, 16 ಲಕ್ಷ. ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2. ಎರಡೂ ಸೇರಿ 6.08 ಲಕ್ಷ. ಈ 22 ಲಕ್ಷದ ಬಗ್ಗೆ ಸ್ಯಾಂಕ್ಷನ್ ಲೆಟರ್ ಏನೂ ಹೇಳುವುದಿಲ್ಲ.