ಬೇವಿನ ಬೇರು, ಬಚ್ಚಲ ಪೈಪು, ಎರಿ ಮಣ್ಣು

ನವಲಗುಂದದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಅಕ್ಕನ ಮನೆ. ಹೋದ ಬೇಸಿಗೆಯಲ್ಲಿ ಬಚ್ಚಲ ನೀರು ಹರಿಯದೆ ಕಟ್ಟಿಕೊಂಡಿತು. ಗೌಂಡಿ ಹಿತ್ತಲಲ್ಲಿ ಎರಡು ಅಡಿ ಅಗೆದು, ಸಿಮೆಂಟು ಪೈಪಿನ ಜಾಯಿಂಟು ಬಿಡಿಸಿ, ಕೈ ಹಾಕಿ ಎಳೆದ. ಬಂದದ್ದು ಎರಡು ಮೊಳ ಉದ್ದದ, ಹೆಣ್ಣುಮಕ್ಕಳ ಜಡೆಯಂಥ ಬೇರಿನ ಕಂತೆ. ಅದರ ತುಂಬ ಸಾಬೂನಿನ ಜಿಡ್ಡು, ಕೂದಲು, ಅನ್ನದ ಅಗುಳು. ನನ್ನ ಕಣ್ಣು ನಿಂತದ್ದು ಅದರ ಬುಡದ ಮೇಲೆ. ಪೈಪಿನೊಳಗೆ ತೋಳಿನ ದಪ್ಪವಿದ್ದ ಕಂತೆ, ಒಳಹೊಕ್ಕ ಜಾಗದಲ್ಲಿ ಮಾತ್ರ ಚಪ್ಪಟೆಯಾಗಿ ಕಾಗದದ ಪಟ್ಟಿಯಂತೆ ತೆಳ್ಳಗಿತ್ತು.

"ಅಕ್ಕಾರ, ಈ ಬೇವಿನ ಗಿಡಾ ಕಡಿಸಿಬಿಡ್ರಿ. ಇಲ್ಲಂದ್ರ ವರ್ಷಾ ಇದ ಪಾಡು," ಅಂದ ಗೌಂಡಿ.

ಆ ಚಪ್ಪಟೆ ಬುಡ ನೋಡಿದರೆ ಗಿಡದ ಮೇಲಿನ ಆರೋಪ ನಿಲ್ಲುವುದಿಲ್ಲ. ಮೊದಲೇ ಬಿರಿದಿದ್ದ ಸಂದಿಯಲ್ಲಿ ಬೇರು ಕೂದಲೆಳೆಯಾಗಿ ತೂರಿತ್ತು, ಆಮೇಲೆ ಒಳಗೆ ಬೆಳೆದಿತ್ತು.

ಬೇರು ದೂರದಿಂದಲೇ ನೀರಿನ ಸುಳಿವು ಹಿಡಿದು ಬರುತ್ತದೆ ಎಂಬುದು ನಮ್ಮಲ್ಲಿ ಬಹಳ ಜನರ ನಂಬಿಕೆ. ಅದರ ತುದಿಗೆ ಗೊತ್ತಾಗುವುದು ಸುತ್ತಲಿನ ತೇವದ ಹೆಚ್ಚು ಕಡಿಮೆ ಅಷ್ಟೇ. ಹೆಚ್ಚು ತೇವವಿದ್ದತ್ತ ಬಾಗುತ್ತದೆ. 1872ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸಾಕ್ಸ್ ಒದ್ದೆ ಮರದ ಹೊಟ್ಟು ತುಂಬಿದ ಜರಡಿಯನ್ನು ಓರೆಯಾಗಿ ತೂಗುಹಾಕಿ, ಅದರಲ್ಲಿ ಬೀಜ ಮೊಳೆಸಿ ನೋಡಿದ. ಜರಡಿಯ ಕಣ್ಣಿನಿಂದ ಕೆಳಗಿಳಿದ ಬೇರುಗಳು ನೆಲದ ಸೆಳೆತವನ್ನೂ ಮೀರಿ ಹಿಂದಕ್ಕೆ ಬಾಗಿ, ಜರಡಿಯ ಒದ್ದೆ ತಳಕ್ಕೇ ಅಂಟಿಕೊಂಡವು. ಏಪ್ರಿಲ್ ತಿಂಗಳ ಒಣ ಹಿತ್ತಲಲ್ಲಿ ಸೋರುವ ಜಾಯಿಂಟು ಆ ಜರಡಿಯಿದ್ದ ಹಾಗೆ. ಒಳಹೊಕ್ಕ ಬೇರಿಗೆ ನೀರುಂಟು, ಸಾರಜನಕ, ರಂಜಕ ಉಂಟು, ಪೈಪು ಪೂರ್ತಿ ತುಂಬಿ ಹರಿಯದ ಕಾರಣ ಉಸಿರಾಟಕ್ಕೆ ಗಾಳಿಯೂ ಉಂಟು.

ಇನ್ನು ಸಂದಿ ಬಿಟ್ಟದ್ದು ಹೇಗೆ? ಬಹುಮಟ್ಟಿಗೆ ನಮ್ಮ ಎರಿ ಮಣ್ಣಿನಿಂದ. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣದ ಕಪ್ಪು ನೆಲದಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಹೆಚ್ಚು. ಹಾಳೆಯ ಮೇಲೆ ಹಾಳೆ ಇಟ್ಟಂಥ ಅದರ ಹರಳಿನ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಯುಗಾದಿ ಹೊತ್ತಿಗೆ ಹೊಲದ ಬಿರುಕಿನಲ್ಲಿ ಅಂಗೈ ಇಳಿಯುತ್ತದೆ. ಅಂಥ ನೆಲದಲ್ಲಿ ಹೂತ ಪೈಪು ಮಳೆಗಾಲಕ್ಕೆ ಏರಿ ಬೇಸಿಗೆಗೆ ಇಳಿಯುತ್ತಿರುತ್ತದೆ. ಸಿಮೆಂಟು ಮೆತ್ತಿದ ಜಾಯಿಂಟಿಗೆ ಬಾಗಲು ಬಾರದು, ಬಿರಿಯುತ್ತದೆ. ಗಿಡದ ಪಾಲೂ ಇದೆ ಅನ್ನಿ: ಬೇರು ನೀರು ಹೀರಿದಷ್ಟೂ ಸುತ್ತಲಿನ ಎರಿ ಇನ್ನಷ್ಟು ಕುಗ್ಗುತ್ತದೆ.

ಹಾಗೆಂದು ದೊಡ್ಡ ಗಿಡ ಕಡಿದರೆ, ಅದು ಹೀರುತ್ತಿದ್ದ ನೀರು ಮಣ್ಣಲ್ಲೇ ಉಳಿದು ನೆಲ ಮತ್ತೆ ಉಬ್ಬಿ ಗೋಡೆ ಬಿರಿಯಬಹುದು. ಬರಿ ಸಲಾಕೆ ಆಡಿಸಿದರೂ ಸಾಲದು. ತುದಿ ತುಂಡಾದ ಬೇರು ಪಕ್ಕದಿಂದ ಕವಲೊಡೆದು ಇನ್ನೂ ದಟ್ಟವಾಗುತ್ತದೆ. ಕೆಲವರು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಸುರಿಯುತ್ತಾರೆ. ತಾಗಿದ ಬೇರು ಸಾಯುತ್ತದೆ ನಿಜ, ಆದರೆ ಸೆಪ್ಟಿಕ್ ಗುಂಡಿಯಲ್ಲಿ ಹೊಲಸು ಕರಗಿಸುವ ಬ್ಯಾಕ್ಟೀರಿಯಾಗಳಿಗೂ ಅದು ವಿಷ, ತಾಮ್ರ ಮಣ್ಣಲ್ಲಿ ಉಳಿಯುತ್ತದೆ. ನಾನಂತೂ ಬೇಡವೆನ್ನುತ್ತೇನೆ. ಗುಂಡಿಯೊಳಗೆ ಮನುಷ್ಯರನ್ನು ಇಳಿಸುವ ಮಾತಂತೂ ಬೇಡವೇ ಬೇಡ. ಅಲ್ಲಿನ ವಿಷಗಾಳಿ ಜೀವ ತೆಗೆಯುತ್ತದೆ.

ನಮ್ಮ ಅಜ್ಜಿ ಬಚ್ಚಲ ನೀರನ್ನು ತೆರೆದ ಕಾಲುವೆಯಲ್ಲಿ ಬಾಳೆ ಮಡಿಗೆ ಬಿಡುತ್ತಿದ್ದಳು. ಬಾಳೆ, ತೆಂಗಿನ ಬೇರಿನಲ್ಲಿ ವರ್ಷವರ್ಷ ಹೊಸ ಕಟ್ಟಿಗೆ ಕಟ್ಟುವ ಪದರವಿಲ್ಲ. ತೆಂಗಿನ ಬೇರು ಬೆರಳಿನ ದಪ್ಪ ಮೀರುವುದಿಲ್ಲ. ಆಲ, ಅರಳಿ, ಅತ್ತಿ, ಬೇವು ಹಾಗಲ್ಲ, ಸಂದಿಯಲ್ಲಿ ಕೂತು ದಪ್ಪಗಾಗುತ್ತ ಬೆಣೆಯಂತೆ ಪೈಪನ್ನು ಸೀಳುತ್ತವೆ.

ಅಕ್ಕ ಗಿಡ ಕಡಿಸಲಿಲ್ಲ. ಸ್ನಾನದ ನೀರನ್ನು ಬಾಳೆಗೆ ತಿರುಗಿಸಿ, ಪಾಯಖಾನೆಯದಕ್ಕೆ ಮಾತ್ರ ಪೈಪು ಇಟ್ಟೆವು. ಬೇವಿನ ಹರವಿನ ಕೆಳಗೆ ಜಾಯಿಂಟೇ ಬಾರದಂತೆ 20 ಅಡಿಯ ಅಖಂಡ ಪಿವಿಸಿ ಪೈಪು. ತುದಿಗಳಿಗೆ, ನೆಲ ಅಲುಗಿದರೆ ತುಸು ಜಾರಿಕೊಡುವ ರಬ್ಬರ್ ರಿಂಗು. ಸುತ್ತ ಎರಿ ತೆಗೆದು ಗರಸು, ಅಂದರೆ ಹರಳುಗಲ್ಲಿನ ಮಣ್ಣು, ತುಂಬಿಸಿದ್ದಾಯಿತು. ಗೌಂಡಿ ಎರಡೂ ಕಡೆ ಚೇಂಬರ್ ಕಟ್ಟಿದ. "ಬರೂ ಯುಗಾದಿಗೆ ಮುಚ್ಚಳಾ ತಗದ ನೋಡ್ರಿ ಅಕ್ಕಾರ. ಕೂದಲೆಳಿ ಕಂಡ್ರೂ ನನಗ ಹೇಳಿ ಕಳಸ್ರಿ," ಅಂದು ಕೈ ತೊಳೆದು, ಬೇವಿನ ನೆರಳಲ್ಲೇ ಬುತ್ತಿ ಬಿಚ್ಚಿದ.