ಬೀಜದ ಹೋರಿ ಮತ್ತು ಬಿಸಿಲು: ಎರಡು ತಿಂಗಳ ಹಿಂದಿನ ಲೆಕ್ಕ

ಬೀಜದ ಹೋರಿಯ ಫಲವಂತಿಕೆ ಕುಸಿದಿದೆ ಎಂಬ ದೂರು ಸುಡುಬೇಸಿಗೆಯ ನಡುವೆ ಬರುವುದು ಕಡಿಮೆ. ಬಿಸಿಲು ಇಳಿದು ಗಾಳಿ ತಂಪಾದ ಮೇಲೆ ಬರುವುದೇ ಹೆಚ್ಚು. ಗಬ್ಬ ನಿಂತಿದೆ ಎಂದುಕೊಂಡಿದ್ದ ಹಸುಗಳು ಒಂದರ ಹಿಂದೊಂದು ಮತ್ತೆ ಬೆದೆಗೆ ಬರತೊಡಗುತ್ತವೆ. ಆಗ ಮೊದಲು ಹಸುವಿನ ಗರ್ಭಕೋಶವನ್ನು, ಆಮೇಲೆ ಮೇವನ್ನು, ಕೃತಕ ಗರ್ಭಧಾರಣೆ ಮಾಡಿಸಿದ್ದರೆ ಅದನ್ನು ಮಾಡಿದವರ ಕೈಯನ್ನು ಶಂಕಿಸುವುದು ವಾಡಿಕೆ. ಹೋರಿಯ ಸರದಿ ಬರುವುದು ಕೊನೆಗೆ, ಬಂದರೂ ಈಗ ಸೆಕೆಯೇ ಇಲ್ಲವಲ್ಲ ಎಂಬ ಒಂದು ಮಾತಿಗೆ ಬಿಸಿಲಿನ ವಿಚಾರ ಅಲ್ಲಿಗೇ ಮುಗಿದುಹೋಗುತ್ತದೆ.

ಆದರೆ ಹೋರಿ ಇಂದು ಕೊಡುವ ವೀರ್ಯ ಇಂದು ತಯಾರಾದದ್ದಲ್ಲ. ಮೂಲಕೋಶವೊಂದು ಹಲವು ಬಾರಿ ವಿಭಜನೆಗೊಂಡು ವೀರ್ಯಾಣುವಿನ ರೂಪ ತಳೆಯಲು ಹೋರಿಯಲ್ಲಿ ಸುಮಾರು 61 ದಿನ ಬೇಕು. ಆ ಬಳಿಕ ವೃಷಣಕ್ಕೆ ಅಂಟಿಕೊಂಡಿರುವ ಎಪಿಡಿಡಿಮಿಸ್ ಎಂಬ ಸುರುಳಿನಾಳದಲ್ಲಿ ಸಾಗಿ ಪಕ್ವವಾಗಲು ಇನ್ನೂ 8ರಿಂದ 14 ದಿನ ಹಿಡಿಯುತ್ತದೆ. ಈ ಹಾದಿಯಲ್ಲಿ ಶಾಖಕ್ಕೆ ಹೆಚ್ಚು ನಲುಗುವುದು ಅರ್ಧವಿಭಜನೆಯ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ವಿಭಜನೆಯ) ಹಂತದಲ್ಲಿರುವ ಕೋಶಗಳು ಮತ್ತು ಬಾಲ ಮೂಡುವ ಮೊದಲಿನ ದುಂಡು ಕೋಶಗಳು. ಹಾಗಾಗಿ ಒಂದೆರಡು ದಿನ ವೃಷಣ ಅತಿಯಾಗಿ ಕಾದರೂ ಮೊದಲ ವಾರದ ವೀರ್ಯದಲ್ಲಿ ವ್ಯತ್ಯಾಸ ಕಾಣದಿರಬಹುದು. ಎರಡನೇ ವಾರದಿಂದ ಕುಸಿತ ಶುರುವಾಗಿ, ಮೂರು ನಾಲ್ಕನೇ ವಾರದ ಹೊತ್ತಿಗೆ ತಳ ಮುಟ್ಟುತ್ತದೆ. ಚೇತರಿಕೆಗೆ ಆರರಿಂದ ಎಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಬಿಸಿಲು ತಿಂಗಳುಗಟ್ಟಲೆ ಕಾಡಿದ್ದರೆ ಈ ಎಣಿಕೆಯನ್ನು ಬಿಸಿಲಿನ ಕೊನೆಯ ದಿನದಿಂದ ಶುರುಮಾಡಬೇಕು.

ವೃಷಣಚೀಲವನ್ನು 48 ಗಂಟೆ ಬೆಚ್ಚಗೆ ಸುತ್ತಿಟ್ಟು ನಡೆಸಿದ ಪ್ರಯೋಗಗಳಲ್ಲಿ ದೋಷಗಳು ಒಂದು ಕ್ರಮದಲ್ಲಿ ಹೊರಬಿದ್ದಿವೆ: ಮೊದಲು ಬಾಲ ಕಳಚಿದ ತಲೆಗಳು, ನಂತರ ಕೋಶಕೇಂದ್ರದಲ್ಲಿ ಕುಳಿಗಳು ಮತ್ತು ಬುಡ ಕಿರಿದಾದ ತಲೆಗಳು, ಅದರ ಹಿಂದೆ ಅಕ್ರೋಸೋಮಿನ, ಅಂದರೆ ವೀರ್ಯಾಣುವಿನ ತಲೆಯ ತುದಿಯ ಟೊಪ್ಪಿಗೆಯಂಥ ಹೊದಿಕೆಯ, ಗಂಟುಗಳು. ಶಾಖ ತಗುಲಿದಾಗ ಯಾವ ಕೋಶ ಯಾವ ಹಂತದಲ್ಲಿತ್ತು ಎಂಬುದಕ್ಕೆ ತಕ್ಕಂತೆ ಅದರ ದೋಷವಿರುತ್ತದೆ. ಗಾಜಿನ ಮೇಲೆ ಹರಡಿದ ವೀರ್ಯದ ಲೇಪವನ್ನು ಸೂಕ್ಷ್ಮದರ್ಶಕದಡಿ ತಾಳ್ಮೆಯಿಂದ ಓದಿದರೆ ಪೆಟ್ಟು ಬಿದ್ದದ್ದು ಎಷ್ಟು ವಾರಗಳ ಹಿಂದೆ ಎಂಬ ಅಂದಾಜು ಸಿಗುವುದು ಇದರಿಂದಲೇ.

ಹೋರಿಯ ದೇಹದ ಉಷ್ಣತೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ವೃಷಣ ಕೆಲಸ ಮಾಡುವುದು 33ರಿಂದ 35 ಡಿಗ್ರಿಯಲ್ಲಿ. ಈ ಅಂತರವನ್ನು ಕಾಯುವ ಏರ್ಪಾಡು ಬಹಳ ಜಾಣತನದ್ದು. ವೃಷಣಕ್ಕೆ ಇಳಿಯುವ ಅಪಧಮನಿ ನೇರವಾಗಿ ಇಳಿಯದೆ ಸುತ್ತಿಸುತ್ತಿ ಇಳಿಯುತ್ತದೆ. ಚರ್ಮದ ಬಳಿ ತಣಿದು ಮೇಲೇರುವ ರಕ್ತವನ್ನು ಹೊತ್ತ ಸಿರೆಗಳ ಜಾಲ ಅದನ್ನು ಮುತ್ತಿಕೊಂಡಿರುತ್ತದೆ, ಹೀಗೆ ಬಿಸಿ ರಕ್ತ ಕೆಳಗೆ ತಲುಪುವ ಮುನ್ನವೇ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಇದರೊಂದಿಗೆ ಚೀಲದ ಸ್ನಾಯುಗಳು ಸೆಕೆಯಲ್ಲಿ ಸಡಿಲಗೊಂಡು ವೃಷಣಗಳನ್ನು ದೇಹದಿಂದ ದೂರ ಇಳಿಬಿಡುತ್ತವೆ, ಚೀಲದ ಚರ್ಮ ಬೆವರುತ್ತದೆ. ಆದರೆ ಚೀಲದ ಕತ್ತಿನಲ್ಲಿ ಕೊಬ್ಬು ತುಂಬಿಕೊಂಡರೆ ಈ ಏರ್ಪಾಡೆಲ್ಲ ಅಲ್ಲಿಯೇ ಕುಂಠಿತವಾಗುತ್ತದೆ. ಪ್ರದರ್ಶನಕ್ಕೆಂದು ದಾಣಿ ತಿನ್ನಿಸಿ ಮೈ ತುಂಬಿಸಿದ ಹೋರಿಯನ್ನು ಕಣ್ಣು ಮೆಚ್ಚುತ್ತದೆ, ಆದರೆ ಬೇಸಿಗೆಯಲ್ಲಿ ಅದನ್ನು ನಾನು ನಂಬುವುದಿಲ್ಲ.

ತಳಿಯ ವ್ಯತ್ಯಾಸವೂ ಇಲ್ಲಿಯೇ ಅಡಗಿದೆ. ಡುಬ್ಬವಿರುವ ತಳಿಗಳ ಹೋರಿಗಳಲ್ಲಿ ವೃಷಣದ ಗಾತ್ರಕ್ಕೆ ಹೋಲಿಸಿದರೆ ಆ ಅಪಧಮನಿ ಉದ್ದ, ಅದರ ಗೋಡೆ ತೆಳು, ಅಪಧಮನಿಗೂ ಸಿರೆಗೂ ನಡುವಿನ ಅಂತರ ಕಡಿಮೆ. ಆದ್ದರಿಂದ ರಕ್ತ ಹೆಚ್ಚು ತಣಿಯುತ್ತದೆ. ಹೋಲ್‌ಸ್ಟೀನ್‌ನಂಥ ಯುರೋಪ್ ಮೂಲದ ತಳಿಗಳಿಗೆ ಈ ಅನುಕೂಲವಿಲ್ಲ, ಮಿಶ್ರತಳಿಗಳು ನಡುವೆ ನಿಲ್ಲುತ್ತವೆ. ಕೋಣಕ್ಕೆ ಕಪ್ಪು ಚರ್ಮ, ಕಡಿಮೆ ಬೆವರುಗ್ರಂಥಿಗಳು. ನೆರಳು ನೀರು ಎರಡೂ ಇಲ್ಲದಿದ್ದರೆ ಅದು ಬೇಗ ಸೋಲುತ್ತದೆ.

ಥರ್ಮಾಮೀಟರಿನ ಅಂಕಿಯೊಂದನ್ನೇ ನೋಡಿ ಸಮಾಧಾನಪಡುವವರು ತೇವಾಂಶವನ್ನು ಮರೆಯುತ್ತಾರೆ. ಜಾನುವಾರುಗಳಿಗೆ ಸಾಮಾನ್ಯವಾಗಿ ಬಳಸುವ ತಾಪ-ಆರ್ದ್ರತೆ ಸೂಚ್ಯಂಕದ ಒಂದು ಸೂತ್ರದಂತೆ, 40 ಡಿಗ್ರಿ ಬಿಸಿಲಿನಲ್ಲಿ ಆರ್ದ್ರತೆ ಶೇ. 20 ಇದ್ದರೆ ಸೂಚ್ಯಂಕ ಸುಮಾರು 84. ಬರಿಯ 32 ಡಿಗ್ರಿಯಲ್ಲಿ ಆರ್ದ್ರತೆ ಶೇ. 80 ಇದ್ದರೆ ಅದು 86. ಕರೆಯುವ ಹಸುಗಳಲ್ಲಿ 72 ದಾಟಿದರೇ ಒತ್ತಡ ಶುರು ಎಂದು ಎಣಿಸುತ್ತಾರೆ. ಮೋಡ ಕವಿದ ಧಗೆಯ ದಿನ ನಮಗೆ ಬಿಸಿಲಿಲ್ಲವೆನ್ನಿಸಬಹುದು, ಆದರೆ ಬೆವರು ಆರದ ಹೋರಿಗೆ ಅದು ಒಣ ಬಿಸಿಲಿಗಿಂತ ಭಾರ. ರಾತ್ರಿಯೂ ತಣಿಯದಿದ್ದರೆ ಹಗಲಿನ ಶಾಖವನ್ನು ಇಳಿಸಿಕೊಳ್ಳಲು ಅದಕ್ಕೆ ಬಿಡುವೇ ಸಿಗುವುದಿಲ್ಲ.

ಜ್ವರವೂ ಇದೇ ಕೆಲಸ ಮಾಡುತ್ತದೆ. ಮೂರು ದಿನದ ಜ್ವರ ಬಂದು ಹೋದ ಹೋರಿ ವಾರದಲ್ಲಿ ಎದ್ದು ಮೇಯುತ್ತದೆ, ಅದರ ವೀರ್ಯ ಮಾತ್ರ ಹಲವು ವಾರ ಹಿಂದುಳಿದಿರುತ್ತದೆ. ಕಡುಚಳಿಯ ನಾಡುಗಳಲ್ಲಿ ಚೀಲದ ಚರ್ಮ ಹಿಮಗಡಿತಕ್ಕೆ ಒಳಗಾಗಿ ಉರಿಯೂತ ಬಂದು, ಕೊನೆಗೆ ಶಾಖದಿಂದಲೇ ಹಾನಿಯಾಗುವುದುಂಟು.

ವೀರ್ಯ ಪರೀಕ್ಷೆಯಲ್ಲಿ ಚಲನೆಯನ್ನು ಮಾತ್ರ ನೋಡಿ ಹೋರಿಯನ್ನು ಪಾಸು ಮಾಡುವ ಅಭ್ಯಾಸಕ್ಕೆ ನನ್ನ ಆಕ್ಷೇಪವಿದೆ. ಚುರುಕಾಗಿ ಈಜುವ ವೀರ್ಯಾಣುವಿನೊಳಗೆ ಡಿಎನ್‌ಎ ತುಂಡಾಗಿರಬಹುದು. ಅಂಥದ್ದು ಅಂಡವನ್ನು ಫಲಿತಗೊಳಿಸಿದರೂ ಭ್ರೂಣ ಮೊದಲ ದಿನಗಳಲ್ಲೇ ಅಳಿಯಬಹುದು, ಹೊರಗಿನಿಂದ ನೋಡುವವರಿಗೆ ಕಾಣುವುದು ಹಸು ಮತ್ತೆ ಬೆದೆಗೆ ಬಂದದ್ದಷ್ಟೇ. ಆಕಾರದ ಪರೀಕ್ಷೆಯಲ್ಲಿ ಕನಿಷ್ಠ ಶೇ. 70 ವೀರ್ಯಾಣುಗಳು ಸಹಜವಾಗಿರಬೇಕೆಂಬುದು ವ್ಯಾಪಕವಾಗಿ ಒಪ್ಪಿದ ಅಳತೆ. ಶೈತ್ಯೀಕರಿಸುವುದಿದ್ದರೆ ಕರಗಿಸಿದ ಮೇಲಿನ ಚಲನೆಯನ್ನೂ ನೋಡಬೇಕು, ಏಕೆಂದರೆ ಬೇಸಿಗೆಯ ವೀರ್ಯ ತಾಜಾ ಇರುವಾಗ ಚೆನ್ನಾಗಿ ಕಂಡು, ಘನೀಕರಿಸಿ ಕರಗಿಸಿದ ಮೇಲೆ ಸೋಲುವುದು ಸಾಮಾನ್ಯ.

ಉಪಾಯಗಳಲ್ಲಿ ನೆರಳಿಗೆ ಮೊದಲ ಸ್ಥಾನ: ಎತ್ತರದ ಮಾಡು, ಗಾಳಿಯಾಡುವ ಬದಿಗಳು. ನೀರು ಚಿಮುಕಿಸುವುದಾದರೆ ಜೊತೆಗೆ ಫ್ಯಾನು ಇರಲೇಬೇಕು; ಗಾಳಿಯಿಲ್ಲದ ಕೊಟ್ಟಿಗೆಯಲ್ಲಿ ನೀರು ತೇವಾಂಶವನ್ನಷ್ಟೇ ಹೆಚ್ಚಿಸುತ್ತದೆ. ಮೇವಿನ ಹೆಚ್ಚಿನ ಪಾಲನ್ನು ಸಂಜೆಯ ನಂತರ ಹಾಕಿ, ಕುಡಿಯುವ ನೀರನ್ನು ನೆರಳಿನಲ್ಲಿಡಿ, ವೀರ್ಯ ಸಂಗ್ರಹವನ್ನು ನಸುಕಿನಲ್ಲೇ ಮುಗಿಸಿ. ಸತು, ಸೆಲೆನಿಯಂ, ಇ ಜೀವಸತ್ವಗಳ ಕೊರತೆಯಿದ್ದರೆ ತುಂಬಬೇಕು, ಆದರೆ ನೆರಳಿಲ್ಲದ ಹೋರಿಗೆ ಪುಡಿ ತಿನ್ನಿಸಿ ಫಲ ನಿರೀಕ್ಷಿಸುವುದರಲ್ಲಿ ಅರ್ಥವಿಲ್ಲ.

ಬಿಸಿಲಿನ ಬಳಿಕ ಪರೀಕ್ಷೆಯಲ್ಲಿ ಸೋತ ಹೋರಿಯನ್ನು ಆ ಒಂದೇ ವರದಿಯ ಮೇಲೆ ಮಾರಿಬಿಡುವುದು ಅವಸರ. ವೃಷಣಗಳು ಮುಟ್ಟಿ ನೋಡಿದಾಗ ಬಿಗಿಯಾಗಿದ್ದು, ಸುತ್ತಳತೆ ಕುಗ್ಗಿಲ್ಲದಿದ್ದರೆ 60ರಿಂದ 70 ದಿನ ತಂಪಿನಲ್ಲಿಟ್ಟು ಮತ್ತೊಮ್ಮೆ ಪರೀಕ್ಷಿಸಿ, ಅಲ್ಲಿಯವರೆಗೆ ಹಸುಗಳಿಗೆ ಬೇರೆ ಹೋರಿಯನ್ನು ಬಳಸಿ. ಎರಡನೇ ಬಾರಿಯೂ ಅದೇ ದೋಷಗಳು ಅಷ್ಟೇ ಪ್ರಮಾಣದಲ್ಲಿ ಕಂಡರೆ ಆ ಬಿಸಿಲೊಂದನ್ನೇ ಕಾರಣವೆಂದು ಬಿಟ್ಟುಬಿಡಬಾರದು. ಸೋಂಕನ್ನೋ ವೃಷಣದ ಸವಕಳಿಯನ್ನೋ ಹುಡುಕಬೇಕು.