ಆಕಾಶದ 2.7 ಕೆಲ್ವಿನ್ ಕಾವು ಎಲ್ಲಿಂದ ಬಂತು?

ಸೂಕ್ಷ್ಮತರಂಗಗಳನ್ನು ಗ್ರಹಿಸುವ ಆಂಟೆನಾವನ್ನು ಆಕಾಶದ ಯಾವ ದಿಕ್ಕಿಗೆ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ ತೀವ್ರತೆಯ ಮಂದ ವಿಕಿರಣ ಸಿಗುತ್ತದೆ. ಅದರ ತಾಪ 2.725 ಕೆಲ್ವಿನ್, ಅಂದರೆ ಸುಮಾರು ಮೈನಸ್ 270 ಡಿಗ್ರಿ ಸೆಲ್ಸಿಯಸ್. ಇದನ್ನು ಮಹಾಸ್ಫೋಟದ ಕ್ಷಣದ ಬೆಳಕು ಎಂದು ಕರೆಯುವ ರೂಢಿಯಿದೆ; ಆದರೆ ಆ ಮಾತು ಅಷ್ಟು ನಿಖರವಲ್ಲ, ಗೊಂದಲ ಶುರುವಾಗುವುದೂ ಅಲ್ಲಿಂದಲೇ. ಆದಿಯ ವಿಶ್ವದಲ್ಲಿ ಬೆಳಕು ಇತ್ತು, ಆದರೆ ಬಿಡಿ ಎಲೆಕ್ಟ್ರಾನುಗಳಿಗೆ ಬಡಿದು ಚದುರುತ್ತಿದ್ದುದರಿಂದ ಅದು ದೂರ ಸಾಗುವಂತಿರಲಿಲ್ಲ. ಸುಮಾರು 3,80,000 ವರ್ಷಗಳ ಬಳಿಕ ತಾಪ 3,000 ಕೆಲ್ವಿನ್‌ಗೆ ಇಳಿದಾಗ ಎಲೆಕ್ಟ್ರಾನುಗಳು ಪ್ರೋಟಾನುಗಳೊಡನೆ ಕೂಡಿ ಹೈಡ್ರೋಜನ್ ಪರಮಾಣುಗಳಾದವು, ವಿಶ್ವ ಪಾರದರ್ಶಕವಾಯಿತು. ಅಂದು ಬಿಡುಗಡೆಗೊಂಡ ಬೆಳಕಿನ ತರಂಗಾಂತರವು ವಿಶ್ವದ ಹಿಗ್ಗುವಿಕೆಯಿಂದ ಸುಮಾರು 1,100 ಪಟ್ಟು ಹಿಗ್ಗಿ, ಇಂದು ಸೂಕ್ಷ್ಮತರಂಗವಾಗಿ ನಮ್ಮನ್ನು ತಲುಪುತ್ತಿದೆ.

ಇಷ್ಟು ತಿಳಿಯಲು ಬೇಕಿದ್ದ ಎಳೆಗಳು 1940ರ ದಶಕದಲ್ಲೇ ಇದ್ದವು. 1941ರಲ್ಲಿ ಕೆನಡಾದ ಖಗೋಳವಿಜ್ಞಾನಿ ಆಂಡ್ರ್ಯೂ ಮೆಕೆಲರ್ ನಕ್ಷತ್ರಗಳ ನಡುವಣ ಸಯನೋಜನ್ ಅಣುಗಳ ತಾಪ ಸುಮಾರು 2.3 ಕೆಲ್ವಿನ್ ಎಂದು ಅಳೆದಿದ್ದರು; ಆ ಅಣುಗಳಿಗೆ ಕಾವು ಕೊಟ್ಟದ್ದು ಇದೇ ವಿಕಿರಣ ಎಂಬುದು ಆಗ ಹೊಳೆಯಲಿಲ್ಲ. 1948ರಲ್ಲಿ ಭೌತವಿಜ್ಞಾನಿಗಳಾದ ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್, ಆದಿವಿಶ್ವದ ಶಾಖ ಇಂದು 5 ಕೆಲ್ವಿನ್‌ನಷ್ಟು ಉಳಿದಿರಬೇಕು ಎಂದು ಬರೆದರು. ಅಳೆದವರ ಮಾತು ಲೆಕ್ಕ ಹಾಕಿದವರಿಗೆ ತಲುಪಲಿಲ್ಲ, ಲೆಕ್ಕ ಹಾಕಿದವರ ಮಾತನ್ನು ಉಪಕರಣ ಕಟ್ಟುವವರು ಕಿವಿಗೆ ಹಾಕಿಕೊಳ್ಳಲಿಲ್ಲ.

1964ರಲ್ಲಿ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ, ಬೆಲ್ ಪ್ರಯೋಗಾಲಯದ ಆರ್ನೋ ಪೆನ್ಝಿಯಸ್ ಮತ್ತು ರಾಬರ್ಟ್ ವಿಲ್ಸನ್ ಕೊಂಬಿನಾಕಾರದ 20 ಅಡಿಯ ಆಂಟೆನಾವೊಂದನ್ನು ಖಗೋಳ ವೀಕ್ಷಣೆಗೆ ಹದಗೊಳಿಸುತ್ತಿದ್ದರು. ಎಕೋ ಉಪಗ್ರಹದ ಸಂಪರ್ಕಕ್ಕೆಂದು ಕಟ್ಟಿದ್ದ ಉಪಕರಣವದು. ದ್ರವ ಹೀಲಿಯಂನಿಂದ ತಂಪಾಗಿಸಿದ ಆಕರದೊಡನೆ ಹೋಲಿಸಿ ನೋಡಿದಾಗ, 7.35 ಸೆಂಟಿಮೀಟರ್ ತರಂಗಾಂತರದಲ್ಲಿ ಸುಮಾರು 3.5 ಕೆಲ್ವಿನ್‌ ತಾಪಕ್ಕೆ ಸಮನಾದ ಸದ್ದು (ಕಿವಿಗೆ ಕೇಳುವುದಲ್ಲ, ಉಪಕರಣದಲ್ಲಿ ಮೂಡುವ ಬೇಡದ ಸಂಕೇತ) ಲೆಕ್ಕಕ್ಕೆ ಸಿಗದೆ ಉಳಿಯಿತು. ಹಗಲು ರಾತ್ರಿಗೆ, ಋತುವಿಗೆ, ದಿಕ್ಕಿಗೆ ಅದು ಬದಲಾಗಲಿಲ್ಲ. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಹಿಡಿದು ಸಾಗಿಸಿ, ಹಿಕ್ಕೆ ತೆಗೆದು, ರಿವೆಟ್ ಹೊಡೆದ ಲೋಹದ ಸಂದುಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರೂ ಸದ್ದು ಅಡಗಲಿಲ್ಲ. ಉಪಕರಣದ ದೋಷವೆಂದು ಬದಿಗಿಡದೆ ತಿಂಗಳುಗಟ್ಟಲೆ ಅದರ ಬೆನ್ನು ಹತ್ತಿದ ಆ ತಾಳ್ಮೆಗೆ ನಾವು ಈಗಲೂ ಋಣಿಗಳು. ಅಷ್ಟೇನೂ ದೂರವಿಲ್ಲದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಡಿಕಿ ಅವರ ತಂಡ ಇದೇ ವಿಕಿರಣವನ್ನು ಹುಡುಕಲು ಉಪಕರಣ ಕಟ್ಟುತ್ತಿದ್ದ ಸಂಗತಿ ಇವರಿಗೆ ಪರಿಚಿತರೊಬ್ಬರಿಂದ ತಿಳಿಯಿತು. ಒಂದು ದೂರವಾಣಿ ಕರೆ ಎರಡೂ ತುದಿಗಳನ್ನು ಜೋಡಿಸಿತು. 1965ರಲ್ಲಿ ಎರಡು ಲೇಖನಗಳು ಜೊತೆಯಾಗಿ ಪ್ರಕಟವಾದವು: ಹೋಮ್‌ಡೆಲ್‌ನವರದು ಅಳತೆಯನ್ನಷ್ಟೇ ಹೇಳಿತು, ಪ್ರಿನ್ಸ್‌ಟನ್‌ನವರದು ಮೂಲವನ್ನು ವಿವರಿಸಿತು. 5 ಕೆಲ್ವಿನ್ ಅಂದಾಜಿನ ಪ್ರಸ್ತಾಪ ಎರಡರಲ್ಲೂ ಇರಲಿಲ್ಲ.

ವಿಶ್ವಕ್ಕೆ ಆರಂಭವೇ ಇಲ್ಲ ಎನ್ನುವ ಸ್ಥಿರಸ್ಥಿತಿ ಸಿದ್ಧಾಂತದ ಪರವಾಗಿದ್ದವರು ಅನಂತರವೂ ಬೇರೆ ಮೂಲವನ್ನು ಸೂಚಿಸಿದರು: ನಕ್ಷತ್ರಗಳ ಬೆಳಕನ್ನು ದೂಳಿನ ಕಣಗಳು ಹೀರಿ, ಮತ್ತೆ ಸೂಸುತ್ತಿರಬಹುದು. ಒಂದೇ ತರಂಗಾಂತರದ ಅಳತೆಯಿಂದ ಇದನ್ನು ತಳ್ಳಿಹಾಕಲಾಗದು, ಆದ್ದರಿಂದ ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. 1989ರಲ್ಲಿ ಹಾರಿದ ನಾಸಾದ ಕೋಬಿ ಉಪಗ್ರಹ ಇಡೀ ರೋಹಿತವನ್ನು (ಬೇರೆಬೇರೆ ತರಂಗಾಂತರಗಳಲ್ಲಿನ ತೀವ್ರತೆಯನ್ನು) ಅಳೆದಾಗ ಅದು ಪರಿಪೂರ್ಣ ಕಪ್ಪುಕಾಯದ, ಅಂದರೆ ಒಂದೇ ತಾಪದಲ್ಲಿರುವ ಆದರ್ಶ ವಸ್ತುವಿನ, ವಕ್ರರೇಖೆಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು. ಬೇರೆಬೇರೆ ಕಾಲದ, ಬೇರೆಬೇರೆ ತಾಪದ ದೂಳು ಒಟ್ಟುಗೂಡಿ ಇಂಥ ರೇಖೆ ಮೂಡಿಸುವುದು ತೀರ ಕಷ್ಟ. 1992ರಲ್ಲಿ ಅದೇ ಉಪಗ್ರಹ, ಈ ತಾಪದಲ್ಲಿ ಲಕ್ಷದಲ್ಲಿ ಒಂದು ಪಾಲಿನಷ್ಟು ಸಣ್ಣ ಏರಿಳಿತಗಳನ್ನೂ ತೋರಿಸಿತು. ಗೆಲಾಕ್ಸಿಗಳು ಬೆಳೆದದ್ದು ಆ ಬೀಜಗಳಿಂದ.

1978ರ ನೊಬೆಲ್ ಪೆನ್ಝಿಯಸ್ ಮತ್ತು ವಿಲ್ಸನ್ ಅವರಿಗೆ, 2006ರದ್ದು ಕೋಬಿಯ ಮೇದರ್ ಮತ್ತು ಸ್ಮೂಟ್ ಅವರಿಗೆ ಸಂದಿತು. ಹರ್ಮನ್ 1997ರಲ್ಲಿ ತೀರಿಕೊಂಡಿದ್ದರು. ಆಲ್ಫರ್ ಅವರಿಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪದಕ ಪ್ರದಾನವಾದದ್ದು 2007ರ ಜುಲೈನಲ್ಲಿ. ಅಸ್ವಸ್ಥರಾಗಿದ್ದ ಅವರ ಪರವಾಗಿ ಮಗ ಅದನ್ನು ಸ್ವೀಕರಿಸಿದರು. ಮರುತಿಂಗಳು ಆಲ್ಫರ್ ಅವರೂ ಇಲ್ಲವಾದರು.